ಇಂಗ್ಲಿಷು ಕಾಗದದಲ್ಲಿ ಹಿಂದಿನ ನಂಟು

ನಮ್ಮ ಮನೆಗಳಿಗೆ ಗುರುತಿಲ್ಲದವರು ಯಾರಾದರೂ ಬಂದರೆ, ಮೊದಲು ಅವರ ಕೈಗೆ ಒಂದು ಲೋಟ ನೀರನ್ನು ಕೊಟ್ಟು, ಅದರ ಹಿಂದೆಯೇ “ತಮ್ಮದು ಯಾವ ಊರಾಯಿತು?” ಎಂದು ಕೇಳುವೆವು. ಊರು ತಿಳಿದರೆ ಮನೆತನ, ಮನೆತನ ತಿಳಿದರೆ ಹಿರಿಯರ ಹೆಸರು. ಹೀಗೆ ನಾಲ್ಕಾರು ಮಾತುಗಳಾಗುವಷ್ಟರಲ್ಲಿ ಎಲ್ಲಿಯೋ ಒಂದು ಹಳೆಯ ಸಂಬಂಧವು ಹೊರಬೀಳುವುದು. “ಹಾಗಾದರೆ ತಾವು ನಮ್ಮ ಸೋದರಮಾವನವರ ಷಡ್ಡಕರ ಕಡೆಯವರು!” ಎಂದ ಕ್ಷಣದಿಂದ ಬಂದವರು ಹೊಸಬರಲ್ಲ. ಅವರು ಯಾವ ಕೆಲಸಕ್ಕಾಗಿ ಬಂದರೆಂಬ ಮಾತು ಅನಂತರದ್ದು.

ಇಂಗ್ಲಿಷಿನಲ್ಲಿ ಕಾಗದ ಬರೆಯುವಾಗ ನಮಗೆ ಈ ಅವಕಾಶವಿಲ್ಲ. ಓದುವವನು ಎದುರಿಗಿಲ್ಲ, ಅವನ ಮೇಜಿನ ಮೇಲೆ ನಮ್ಮದರಂತಹ ನೂರು ಕಾಗದಗಳಿರುವುವು. ನಾವು ಯಾರು, ಅವನಿಗೂ ನಮಗೂ ಹಿಂದೆ ಯಾವ ಮಾತು ನಡೆದಿತ್ತು, ಈಗ ಬರೆಯುತ್ತಿರುವುದು ಆ ಮಾತಿನ ಯಾವ ತುದಿಯಿಂದ ಎಂಬುದನ್ನೆಲ್ಲ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಬೇಕು. ಆ ಒಂದು ವಾಕ್ಯಕ್ಕಾಗಿ ಇಂಗ್ಲಿಷು ಭಾಷೆಯು ಕೆಲವು ಸಿದ್ಧವಾದ ಪದಗುಚ್ಛಗಳನ್ನು ಇಟ್ಟುಕೊಂಡಿದೆ. ಬ್ಯಾಂಕಿಗೆ, ಶಾಲೆಗೆ, ವಿಮಾ ಕಚೇರಿಗೆ, ಹೊರದೇಶದ ಬಂಧುಗಳಿಗೆ ಇಂಗ್ಲಿಷಿನಲ್ಲಿ ಬರೆಯಬೇಕಾದ ಪ್ರಸಂಗವು ಇಂದು ಎಲ್ಲ ಗೃಹಸ್ಥರಿಗೂ ಬರುತ್ತಿರುವುದರಿಂದ, ಈ ತಿಂಗಳು ಆ ಪದಗುಚ್ಛಗಳ ವಿಚಾರವನ್ನೇ ನಾಲ್ಕು ಮಾತು ಬರೆಯೋಣವೆಂದಿದ್ದೇನೆ. ಇದು ವ್ಯಾಕರಣದ ಪಾಠವೆಂದು ವಾಚಕರು ಹಾಳೆಯನ್ನು ಮಗುಚಿಬಿಡಬಾರದು. ಇದರಲ್ಲಿ ಹಣದ ಮಾತೂ ಉಂಟು, ಮಾನದ ಮಾತೂ ಉಂಟು.

ಮೊದಲು ನಮ್ಮ ಅತ್ತಿಗೆಯವರ ಸಂಗತಿಯನ್ನು ಹೇಳುತ್ತೇನೆ. ನಮ್ಮಣ್ಣನವರು ತೀರಿಕೊಂಡ ಮೇಲೆ ಅತ್ತಿಗೆಯವರಿಗೆ ಬರಬೇಕಾದ ಕುಟುಂಬ ಪಿಂಚಣಿಯು, ಕಾಗದಪತ್ರಗಳಲ್ಲಿ ಅವರ ಹೆಸರಿನ ಒಂದಕ್ಷರವು ತಪ್ಪಿದ್ದ ಕಾರಣ, ನಿಂತುಹೋಯಿತು. ಅವರು ಸಂಬಂಧಪಟ್ಟ ಕಚೇರಿಗೆ ಏಳು ತಿಂಗಳಲ್ಲಿ ಮೂರು ಕಾಗದಗಳನ್ನು ಬರೆದರು. ಮೂರೂ ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿದ್ದುವು. ಮೂರರಲ್ಲಿಯೂ ತಮ್ಮ ಕಷ್ಟವನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸಿದ್ದರು. ಮೂರಕ್ಕೂ ಬಂದ ಉತ್ತರವು ಒಂದೇ: ಇಂತಿಂತಹ ದಾಖಲೆಗಳನ್ನು ಲಗತ್ತಿಸಿ ಕಳುಹಿಸತಕ್ಕದ್ದು. ಅವುಗಳನ್ನು ಅವರು ಮೊದಲನೆಯ ಸಲವೇ ಕಳುಹಿಸಿದ್ದರು.

ಮೂರು ನಕಲುಗಳನ್ನೂ ಒಂದು ದಿನ ನಾನು ಮುಂದಿಟ್ಟುಕೊಂಡು ಓದಿದೆನು. ತಪ್ಪು ಕಣ್ಣಿಗೆ ಬಿತ್ತು. ಪ್ರತಿಯೊಂದು ಕಾಗದವೂ ಅದೇ ಮೊದಲನೆಯದೆಂಬಂತೆ ಆರಂಭವಾಗಿತ್ತು. ಹಿಂದಿನ ಕಾಗದದ ತಾರೀಖಾಗಲಿ, ಕಚೇರಿಯಿಂದ ಬಂದ ಉತ್ತರದ ಸಂಖ್ಯೆಯಾಗಲಿ ಒಂದರಲ್ಲಿಯೂ ಇರಲಿಲ್ಲ. ಕಚೇರಿಗೆ ಬಂದ ಕಾಗದವು ಮೊದಲು ದಾಖಲೆ ಪುಸ್ತಕಕ್ಕೆ ಏರಿ ಒಂದು ಸಂಖ್ಯೆಯನ್ನು ಪಡೆಯುವುದು. ಆಮೇಲೆ ಅದು ಯಾವ ಕಡತಕ್ಕೆ ಸೇರಬೇಕೆಂಬುದನ್ನು ಗುಮಾಸ್ತನು ಅದರಲ್ಲಿ ಬರೆದಿರುವ ಉಲ್ಲೇಖವನ್ನು ನೋಡಿಯೇ ಗೊತ್ತುಮಾಡುವನು. ಉಲ್ಲೇಖವಿಲ್ಲದ ಕಾಗದಕ್ಕೆ ಹೊಸ ಕಡತ. ನಮ್ಮ ಅತ್ತಿಗೆಯವರು ಒಬ್ಬರೇ ಆಗಿದ್ದರೂ, ಆ ಕಚೇರಿಯ ಲೆಕ್ಕದಲ್ಲಿ ಮೂವರು ವಿಧವೆಯರಾಗಿದ್ದರು!

ನಾಲ್ಕನೆಯ ಕಾಗದವನ್ನು ನಾವಿಬ್ಬರೂ ಕೂಡಿ ಬರೆದೆವು. ಅದರ ಮೊದಲನೆಯ ವಾಕ್ಯವು ‘ದಿಸ್ ಈಸ್ ವಿತ್ ರೆಫರೆನ್ಸ್ ಟು’ ಎಂದು ಮೊದಲಾಗಿ, ಹಿಂದಿನ ಮೂರು ಕಾಗದಗಳ ತಾರೀಖುಗಳನ್ನೂ, ಕಚೇರಿಯ ಕೊನೆಯ ಉತ್ತರದ ಸಂಖ್ಯೆ ಮತ್ತು ತಾರೀಖನ್ನೂ ಹೇಳಿ ಮುಗಿಯಿತು. ಕಷ್ಟದ ವಿವರಣೆಯನ್ನು ಅರ್ಧಕ್ಕಿಂತ ಕಡಿಮೆ ಮಾಡಿದೆವು. ಇಪ್ಪತ್ತು ದಿನಗಳಲ್ಲಿ, ಮೂರು ಕಡತಗಳನ್ನೂ ಒಂದುಗೂಡಿಸಿ ಹೆಸರನ್ನು ತಿದ್ದಿರುವುದಾಗಿ ಉತ್ತರವು ಬಂದಿತು. ಗುಮಾಸ್ತನ ಮನಸ್ಸು ಕರಗಿತೆಂದಲ್ಲ. ಅವನಿಗೆ ದಾರಿ ಕಂಡಿತು, ಅಷ್ಟೆ.

ಕನ್ನಡದಲ್ಲಿಯೂ ಈ ಪದ್ಧತಿಯಿಲ್ಲದೆ ಇಲ್ಲ. ಸರ್ಕಾರದ ಕಾಗದಗಳಲ್ಲಿ ‘ವಿಷಯ’ವೆಂಬ ಸಾಲಿನ ಕೆಳಗೆ ‘ಉಲ್ಲೇಖ’ವೆಂಬ ಸಾಲನ್ನು ನಾವೆಲ್ಲರೂ ನೋಡಿದ್ದೇವೆ. ನಮ್ಮ ಹಿರಿಯರು ಬರೆಯುತ್ತಿದ್ದ ಮನೆಯ ಕಾಗದಗಳಲ್ಲಿಯೂ ಉಭಯಕುಶಲೋಪರಿಯಾದ ಕೂಡಲೆ, ತಾವು ಇಂತಹ ತಿಥಿಯಲ್ಲಿ ಬರೆದ ಕಾಗದವು ಬಂದು ಸೇರಿ ಸಂಗತಿ ತಿಳಿಯಿತೆಂಬ ಒಕ್ಕಣೆಯು ತಪ್ಪದೆ ಬರುತ್ತಿದ್ದಿತು. ಕಾಗದವು ದಾರಿಯಲ್ಲಿ ಕಳೆದುಹೋಗುವುದು ಸಾಮಾನ್ಯವಾಗಿದ್ದ ಕಾಲದಲ್ಲಿ ಆ ಒಕ್ಕಣೆಯು ಶಿಷ್ಟಾಚಾರ ಮಾತ್ರವಾಗಿರದೆ ರಸೀದಿಯೂ ಆಗಿದ್ದಿತು.

ಇಂಗ್ಲಿಷಿನ ಹಳೆಯ ವ್ಯಾಪಾರದ ಕಾಗದಗಳಲ್ಲಿ ಇದೇ ರಸೀದಿಯ ಕೆಲಸವನ್ನು ಮಾಡುತ್ತಿದ್ದ ಮೂರು ಗಿಡ್ಡ ಪದಗಳಿದ್ದುವು: ‘ಇನ್ಸ್ಟ್’, ‘ಅಲ್ಟ್’, ‘ಪ್ರಾಕ್ಸ್’. ಇವು ಲ್ಯಾಟಿನ್ ಭಾಷೆಯ ಪದಗಳ ಸಂಕ್ಷೇಪಗಳು. ಮೊದಲನೆಯದಕ್ಕೆ ಈ ತಿಂಗಳು, ಎರಡನೆಯದಕ್ಕೆ ಕಳೆದ ತಿಂಗಳು, ಮೂರನೆಯದಕ್ಕೆ ಬರುವ ತಿಂಗಳು ಎಂದರ್ಥ. ಮಾರ್ಚಿ 3ರಂದು ಬರೆದ ಕಾಗದದಲ್ಲಿ ‘ಯುವರ್ ಫೇವರ್ ಆಫ್ ದಿ 25ತ್ ಅಲ್ಟ್’ ಎಂದಿದ್ದರೆ, ಫೆಬ್ರವರಿ 25ರ ನಿಮ್ಮ ಕಾಗದ ಎಂದು ತಿಳಿಯಬೇಕು. ‘ಫೇವರ್’ ಎಂದರೆ ಇಲ್ಲಿ ಕಾಗದವೇ ಹೊರತು ಉಪಕಾರವಲ್ಲ. ಹಳೆಯ ಪೆಟ್ಟಿಗೆಗಳಲ್ಲಿ ತಾತನವರ ಕಾಲದ ಇಂಗ್ಲಿಷು ಕಾಗದಗಳು ಸಿಕ್ಕಿದವರಿಗೆ ಈ ತಿಳಿವಳಿಕೆಯು ಉಪಯೋಗಕ್ಕೆ ಬಂದೀತು. ಈಗ ಯಾರೂ ಹೀಗೆ ಬರೆಯಬೇಕಾಗಿಲ್ಲ. ತಿಂಗಳ ಹೆಸರನ್ನು ಸ್ಪಷ್ಟವಾಗಿ ಬರೆಯುವುದೇ ಮೇಲು.

ಆದರೆ ಅದೇ ಲ್ಯಾಟಿನ್ನಿನ ಎರಡಕ್ಷರವೊಂದು ಮಾತ್ರ ಇನ್ನೂ ಬದುಕಿದೆ. ಈ-ಮೇಲ್ ಒಂದಕ್ಕೆ ನಾವು ಉತ್ತರವನ್ನು ಕೊಡಹೊರಟರೆ, ವಿಷಯದ ಸಾಲಿನ ಮೊದಲಲ್ಲಿ ‘ರೆ’ ಎಂಬ ಗುರುತು ತಾನಾಗಿಯೇ ಬಂದು ಕೂರುವುದನ್ನು ಎಲ್ಲರೂ ನೋಡಿದ್ದೀರಿ. ಅದನ್ನು ‘ರಿಪ್ಲೈ’ ಎಂಬುದರ ಮೊಟಕೆಂದು ಅನೇಕರು ತಿಳಿದಿರುವರು. ವಾಸ್ತವವಾಗಿ ಅದು ‘ವಿಷಯದಲ್ಲಿ’ ಎಂಬರ್ಥದ ‘ಇನ್ ರೆ’ ಎಂಬ ಲ್ಯಾಟಿನ್ ಮಾತು. 2008ರಲ್ಲಿ ಪ್ರಕಟವಾದ ಈ-ಮೇಲ್ ರಚನೆಯ ನಿಯಮಪತ್ರದಲ್ಲಿಯೂ ಹೀಗೆಂದೇ ವಿವರಿಸಿದೆ. 1982ರ ನಿಯಮಪತ್ರದಲ್ಲಿಯೇ, ಈ ಕಾಗದವು ಹಿಂದಿನ ಯಾವ ಕಾಗದಕ್ಕೆ ಉತ್ತರವಾಗಿದೆಯೆಂದು ಹೇಳುವುದಕ್ಕೆ ಬೇರೊಂದು ಅಂಕಣವನ್ನು ಗೊತ್ತುಮಾಡಿದ್ದರು. ಯಂತ್ರಕ್ಕೂ ಹಿಂದಿನ ನಂಟು ಬೇಕೆಂದ ಮೇಲೆ ಮನುಷ್ಯನಿಗೆ ಬೇಡವೆ?

ಇನ್ನು ಬಳಕೆಯಲ್ಲಿರುವ ಪದಗುಚ್ಛಗಳ ಭೇದವನ್ನು ನೋಡೋಣ. ಇವೆಲ್ಲವೂ ಒಂದೇ ಎಂದು ತಿಳಿದು ಒಂದರ ಬದಲಿಗೆ ಇನ್ನೊಂದನ್ನು ಬರೆಯುವವರೇ ಹೆಚ್ಚು.

‘ವಿತ್ ರೆಫರೆನ್ಸ್ ಟು’ ಎಂಬುದು ಬೆರಳು ತೋರಿಸುವ ಮಾತು. ಇಂತಹ ಕಾಗದವನ್ನು ಕುರಿತು ಬರೆಯುತ್ತಿದ್ದೇನೆ ಎಂದಷ್ಟೇ ಅದರ ಅರ್ಥ. ‘ಫರ್ದರ್ ಟು’ ಎಂಬುದು ಸೇರಿಸುವ ಮಾತು. ‘ಫರ್ದರ್ ಟು ಅವರ್ ಟೆಲಿಫೋನ್ ಕಾನ್ವರ್ಸೇಶನ್’ ಎಂದು ಬರೆದರೆ, ದೂರವಾಣಿಯಲ್ಲಿ ಆಡಿದ ಮಾತಿಗೆ ಮುಂದುವರಿಸಿ ಹೊಸದೊಂದನ್ನು ಹೇಳುವೆನೆಂದು ಮಾತು ಕೊಟ್ಟಂತೆ. ಹಾಗೆ ಬರೆದು ಕೆಳಗೆ ಹೊಸದೇನನ್ನೂ ಹೇಳದೆ, ಹಿಂದೆ ಆಡಿದುದನ್ನೇ ತಿರುಗಿಸಿ ಹೇಳಿದರೆ, ಬಡಿಸುವೆನೆಂದು ಎಲೆ ಹಾಕಿ ಅಡಿಗೆಮನೆಗೆ ಹೋದವನು ಬಾರದೆ ಇದ್ದಂತಾಗುವುದು. ಈ ಪದಗುಚ್ಛವು ಬ್ರಿಟನ್ನಿನಲ್ಲಿಯೂ ನಮ್ಮಲ್ಲಿಯೂ ಹೆಚ್ಚು ಬಳಕೆಯಲ್ಲಿದೆ. ಅಮೆರಿಕದವರು ‘ಫಾಲೋಯಿಂಗ್ ಅಪ್ ಆನ್’ ಎಂದು ಬರೆಯುವುದೇ ಹೆಚ್ಚು.

‘ಇನ್ ಕಂಟಿನ್ಯುಯೇಶನ್ ಆಫ್’ ಎಂಬುದು ತಾನು ಬರೆದ ಕಾಗದವನ್ನು ತಾನೇ ಮುಂದುವರಿಸುವಾಗ ಬರತಕ್ಕದ್ದು. ಎದುರಿನವರ ಕಾಗದಕ್ಕೆ ಉತ್ತರ ಬರೆಯುವಾಗ ಇದು ಸಲ್ಲದು. ಅದಕ್ಕೆ ‘ಇನ್ ರಿಪ್ಲೈ ಟು’ ಎಂದು ನೇರವಾಗಿ ಹೇಳಬಹುದು. ನಮ್ಮ ದೇಶದ ಇಂಗ್ಲಿಷು ಪತ್ರಿಕೆಗಳ ಸಂಪಾದಕರಿಗೆ ಬರೆಯುವವರು ‘ಅಪ್ರೊಪೋ’ ಎಂದು ಆರಂಭಿಸುವ ರೂಢಿಯುಂಟು. ಅದು ಫ್ರೆಂಚಿನಿಂದ ಬಂದ ಮಾತು. ‘ಪ್ರಸ್ತುತ ವಿಷಯವನ್ನು ಕುರಿತು’ ಎಂದರ್ಥ. ಸಂಪಾದಕರಿಗಾದರೆ ಒಪ್ಪುವುದು, ಹಾಲಿನವನ ಲೆಕ್ಕವನ್ನು ವಿಚಾರಿಸುವ ಚೀಟಿಯಲ್ಲಿ ಅದು ಜರತಾರಿಯ ಅಂಚಿನ ಒರಸುಬಟ್ಟೆಯಂತೆ ಕಂಡೀತು.

‘ಆಸ್ ಡಿಸ್ಕಸ್ಡ್’ ಎಂಬ ಎರಡು ಮಾತುಗಳಲ್ಲಿ ಜವಾಬ್ದಾರಿಯು ಬಹಳವಿದೆ. ‘ನಾವು ಚರ್ಚಿಸಿದಂತೆ’ ಎಂದಮೇಲೆ ಎರಡು ಕಡೆಯವರೂ ಆಡಿರಬೇಕು; ಎರಡು ಕಡೆಯವರೂ ಒಂದು ನಿಲುವಿಗೆ ಬಂದಿರಬೇಕು. ನಾವು ಹೇಳಿ ಅವರು ಸುಮ್ಮನೆ ಕೇಳಿಕೊಂಡಿದ್ದರೆ ಅದು ಚರ್ಚೆಯಾಗಲಿಲ್ಲ. ಮನೆಯನ್ನು ಬಾಡಿಗೆಗೆ ಕೊಡುವವರು, ಕಟ್ಟಡದ ಕೆಲಸವನ್ನು ವಹಿಸುವವರು ಇದನ್ನು ಮುಖ್ಯವಾಗಿ ನೆನಪಿನಲ್ಲಿಡತಕ್ಕದ್ದು. ‘ಆಸ್ ಡಿಸ್ಕಸ್ಡ್, ಬಾಡಿಗೆಯು ಇಷ್ಟು’ ಎಂಬ ಕಾಗದಕ್ಕೆ ನಾವು ಮರುಮಾತನ್ನು ಬರೆಯದೆ ಸುಮ್ಮನಿದ್ದರೆ, ನಾಳೆ ಅದನ್ನೇ ಎದುರಿಗೆ ಹಿಡಿದು ನೀವು ಒಪ್ಪಿದ್ದಿರೆಂದು ಹೇಳುವವರು ಉಂಟು. ಚರ್ಚೆಯು ನಡೆದಿರದಿದ್ದರೆ ಆ ದಿನವೇ, “ನಮ್ಮ ನೆನಪಿನಂತೆ ಈ ವಿಷಯವು ಗೊತ್ತಾಗಿರಲಿಲ್ಲ” ಎಂದು ಒಂದು ಸಾಲನ್ನು ಬರೆದು ಕಳುಹಿಸುವುದು ಗೃಹಸ್ಥನ ಕರ್ತವ್ಯ.

‘ರಿವರ್ಟ್’ ಎಂಬ ಪದದ ಮಾತು ಬೇರೆ. ಇಂಗ್ಲಿಷಿನಲ್ಲಿ ಅದಕ್ಕೆ ಮೊದಲಿನ ಸ್ಥಿತಿಗೆ ಅಥವಾ ಮೊದಲಿನ ಪ್ರಸ್ತಾಪಕ್ಕೆ ಮರಳುವುದೆಂದರ್ಥ. ನಮ್ಮ ದೇಶದ ಕಚೇರಿಗಳಲ್ಲಿ ಅದು ‘ಉತ್ತರ ಕೊಡು’ ಎಂಬ ಅರ್ಥವನ್ನು ಪಡೆದಿದೆ. ನಮ್ಮವರಿಗೆ ಬರೆಯುವಾಗ ಬಾಧಕವಿಲ್ಲ. ಆದರೆ ಹೊರದೇಶದವರೊಬ್ಬರಿಗೆ ‘ಪ್ಲೀಸ್ ರಿವರ್ಟ್’ ಎಂದು ಬರೆದರೆ, ಯಾವ ಸ್ಥಿತಿಗೆ ಮರಳಬೇಕೆಂದು ಅವರು ಆಲೋಚಿಸುತ್ತ ಕುಳಿತಾರು. ‘ರಿಪ್ಲೈ’ ಎಂಬ ಹಳೆಯ ಪದಕ್ಕೆ ಏನು ಕೊರತೆ?

ಇನ್ನು ಎದುರೆದುರಿಗೆ ಕಂಡಾಗಿನ ಮಾತು. ಮೊದಲನೆಯ ಸಲ ಪರಿಚಯವಾದಾಗ ‘ನೈಸ್ ಟು ಮೀಟ್ ಯು’ ಎನ್ನುವರು. ಎರಡನೆಯ ಸಲದಿಂದ ‘ಮೀಟ್’ ಹೋಗಿ ‘ಸೀ’ ಬರಬೇಕು: ‘ನೈಸ್ ಟು ಸೀ ಯು ಅಗೇನ್’. ಎರಡನೆಯ ಸಲವೂ ಮೊದಲಿನ ಮಾತನ್ನೇ ಆಡಿದರೆ, “ನಿಮ್ಮನ್ನು ಹಿಂದೆ ಕಂಡದ್ದು ನನಗೆ ನೆನಪಿಲ್ಲ” ಎಂದು ಮುಖಕ್ಕೆ ಹೇಳಿದಂತಾಗುವುದು. ಬೀಗರ ಮನೆಯ ಇಂಗ್ಲಿಷು ಮಾತಿನ ಬಂಧುಗಳೊಡನೆ ಇದನ್ನು ಎಚ್ಚರದಿಂದ ಗಮನಿಸತಕ್ಕದ್ದು.

ಇದೇ ಸಂದರ್ಭದಲ್ಲಿ ನಾವು ಕನ್ನಡಿಗರು ಮಾಡುವ ಇನ್ನೊಂದು ತಪ್ಪುಂಟು. “ಹೋದ ವರ್ಷ ತಮ್ಮನ್ನು ಮದುವೆಯಲ್ಲಿ ಕಂಡಿದ್ದೆನು” ಎಂಬುದು ಕನ್ನಡದಲ್ಲಿ ಸಹಜವಾದ ಮಾತು. ಅದನ್ನೇ ಪದಕ್ಕೆ ಪದವಿಟ್ಟು ‘ಐ ಹ್ಯಾಡ್ ಮೆಟ್ ಯು ಲಾಸ್ಟ್ ಇಯರ್’ ಎಂದು ಬರೆಯುವೆವು. ಇಂಗ್ಲಿಷಿನಲ್ಲಿ ‘ಹ್ಯಾಡ್’ ಬಂತೆಂದರೆ, ಆಮೇಲೆ ನಡೆದ ಇನ್ನೊಂದು ಸಂಗತಿಯನ್ನು ಓದುವವರು ಕಾಯುವರು. ನಾನು ಕಂಡಿದ್ದೆ, ಆಮೇಲೆ ಏನಾಯಿತು ಎಂದು. ಕಂಡ ಕಾಲವನ್ನು ಹೇಳಿ ನಿಲ್ಲಿಸುವುದಾದರೆ ‘ಐ ಮೆಟ್ ಯು ಲಾಸ್ಟ್ ಇಯರ್’ ಎಂಬುದೇ ಸಾಕು. ‘ಐ ಹ್ಯಾವ್ ಮೆಟ್ ಯು ಲಾಸ್ಟ್ ಇಯರ್’ ಎಂಬುದೂ ಸರಿಯಲ್ಲ. ಗೊತ್ತಾದ ಕಾಲವನ್ನು ಹೇಳಿದಮೇಲೆ ‘ಹ್ಯಾವ್’ ಅಲ್ಲಿ ನಿಲ್ಲದು.

ಇಷ್ಟು ಹೇಳಿದ ನಾನೇ ಮಾಡಿದ ಒಂದು ತಪ್ಪನ್ನು ಮುಚ್ಚಿಡುವುದು ನ್ಯಾಯವಲ್ಲ. ಮೊಮ್ಮಗನು ಕನ್ನಡಕವಿಲ್ಲದೆ ಹಲಗೆಯ ಮೇಲಿನ ಅಕ್ಷರಗಳನ್ನು ಕಾಣಲಾರನೆಂದೂ, ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಕೆಂದೂ ಅವನ ಶಾಲೆಯಲ್ಲಿ ಹೇಳಿ ಬಂದಿದ್ದೆನು. ಹದಿನೈದು ದಿನಗಳಾದರೂ ಹುಡುಗನು ಹಿಂದಿನ ಸಾಲಿನಲ್ಲಿಯೇ ಇದ್ದನು. ನನಗೆ ಕೋಪ ಬಂದು ಅವನ ಉಪಾಧ್ಯಾಯಿನಿಗೆ ‘ಆಸ್ ಐ ಹ್ಯಾವ್ ಆಲ್‌ರೆಡಿ ಟೋಲ್ಡ್ ಯು’ ಎಂದು ಆರಂಭಿಸಿ ಒಂದು ಚೀಟಿಯನ್ನು ಬರೆದು ಕಳುಹಿಸಿದೆನು. ಮರುದಿನವೇ ಹುಡುಗನು ಮುಂದಿನ ಸಾಲಿಗೆ ಬಂದನು. ಅದರ ಜೊತೆಗೆ ಆಕೆಯಿಂದ ನಾಲ್ಕು ಸಾಲಿನ ಉತ್ತರವೂ ಬಂದಿತು: ನಾನು ಶಾಲೆಗೆ ಹೋಗಿದ್ದ ವಾರವೆಲ್ಲ ಆಕೆಯು ತಾಯಿಯ ಶುಶ್ರೂಷೆಗಾಗಿ ರಜೆಯಲ್ಲಿದ್ದಳು, ನಾನು ಮಾತಾಡಿದ್ದು ಬದಲಿಗೆ ಬಂದಿದ್ದ ಬೇರೊಬ್ಬರೊಡನೆ, ಈ ವಿಷಯವು ತನಗೆ ಮೊದಲು ತಿಳಿದದ್ದು ನನ್ನ ಚೀಟಿಯಿಂದಲೇ. ಉತ್ತರದಲ್ಲಿ ಕೋಪವಿರಲಿಲ್ಲ. ಅದರಿಂದಲೇ ನನಗೆ ಹೆಚ್ಚು ನಾಚಿಕೆಯಾಯಿತು. ನಾನು ಹೋಗಿ ಕ್ಷಮೆಯನ್ನು ಬೇಡಿ ಬಂದೆನು.

ಆ ಮಾತಿನಲ್ಲಿ ಎರಡು ದೋಷಗಳಿದ್ದುವು. ಒಂದು, ಅದು ನಿಜವಾಗಿರಲಿಲ್ಲ. ಎರಡು, ನಿಜವಾಗಿದ್ದರೂ ಅದು ಚಾವಟಿಯಾಗಿದ್ದಿತು. ಹಿಂದಿನ ಮಾತನ್ನು ನೆನಪು ಮಾಡಿಕೊಡುವುದು ಬೇರೆ; ಅದನ್ನು ಮರೆತದ್ದಕ್ಕಾಗಿ ಗದರಿಸುವುದು ಬೇರೆ. ‘ಆಸ್ ಪರ್ ಮೈ ಲಾಸ್ಟ್ ಈಮೇಲ್’ ಎಂಬ ಮಾತನ್ನು ಈಗ ಇಂಗ್ಲಿಷು ಕಚೇರಿಗಳಲ್ಲಿ ಬಹುಮಂದಿ ಗದರಿಕೆಯೆಂದೇ ಎಣಿಸುವರು. ಪದಗಳಲ್ಲಿ ಕಾಣುವ ದೋಷವೇನೂ ಇಲ್ಲ. “ನೀನು ಓದಲಿಲ್ಲ” ಎಂಬ ಧ್ವನಿಯು ಒಳಗಿದೆ. ನಮ್ಮವರು ಬರೆಯುವ ‘ಜೆಂಟಲ್ ರಿಮೈಂಡರ್’ ಎಂಬುದೂ ಮೂರನೆಯ ಸಲಕ್ಕೆ ಮೃದುವಾಗಿ ಉಳಿಯುವುದಿಲ್ಲ. ಇವುಗಳ ಬದಲಿಗೆ ‘ಯು ಮೇ ರಿಕಾಲ್’, ತಮಗೆ ನೆನಪಿರಬಹುದು, ಎಂದು ತೊಡಗಿ, ನೆನಪಿಗೆ ಬೇಕಾದುದನ್ನೆಲ್ಲ ನಾವೇ ಒದಗಿಸಿದರೆ ಓದುವವನಿಗೆ ಅವಮಾನವಾಗದು. ನೆನಪಿಡುವ ಹೊರೆಯನ್ನು ಬರೆಯುವವನೇ ಹೊರಬೇಕು. ತಾರೀಖು, ಸ್ಥಳ, ವಿಷಯ ಈ ಮೂರನ್ನು ಅವನು ಹೇಳಿಬಿಟ್ಟರೆ, ಮರೆತವನೂ ನೆನಪಿದ್ದವನಂತೆ ಉತ್ತರವನ್ನು ಕೊಡಬಲ್ಲನು. ಅದೇ ಸೌಜನ್ಯ, ಕೆಲಸವೂ ಅದರಿಂದಲೇ ಆಗುವುದು.

ಇದುವರೆಗೆ ನಾವು ಬರೆಯುವ ಮಾತಾಯಿತು. ನಮಗೆ ಬರುವ ಕಾಗದಗಳಲ್ಲಿ ಇದೇ ಪದಗುಚ್ಛಗಳು ಬಂದಾಗ ಏನು ಮಾಡಬೇಕೆಂಬುದು ಇಂದು ಇನ್ನೂ ದೊಡ್ಡ ವಿಚಾರವಾಗಿದೆ. ಹಿಂದಿನ ನಂಟಿನ ಮಾತು ಕೇಳಿದೊಡನೆ ಬಾಗಿಲು ತೆರೆಯುವುದು ಮನುಷ್ಯನ ಸ್ವಭಾವ. ಮೋಸಗಾರರು ಅದನ್ನು ಚೆನ್ನಾಗಿ ಬಲ್ಲರು. ನಾವು ಎಂದೂ ಬರೆಯದ ಕಾಗದಕ್ಕೆ ಉತ್ತರವೆಂಬಂತೆ ‘ರೆ’ ಎಂಬ ಗುರುತನ್ನು ಹಚ್ಚಿ ಈ-ಮೇಲ್ ಕಳುಹಿಸುವುದು ಅವರ ಹಳೆಯ ಉಪಾಯ. ವ್ಯಾಪಾರದ ಈ-ಮೇಲ್‌ಗಳಲ್ಲಿ ಓದುಗರ ಕಣ್ಣಿಗೆ ಮಣ್ಣೆರಚುವಂತಹ ವಿಷಯದ ಸಾಲುಗಳನ್ನು ಬರೆಯಕೂಡದೆಂದು ಅಮೆರಿಕದಲ್ಲಿ 2003ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಕಾನೂನು ಬಂದಿತೆಂದು ಕಳ್ಳರು ಬಿಟ್ಟಾರೆ?

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ದೂರವಾಣಿಗೆ ಒಂದು ಸಂದೇಶವು ಬಂದಿತು. ‘ಆಸ್ ಡಿಸ್ಕಸ್ಡ್ ವಿತ್ ಯು’ ಎಂದು ಮೊದಲಾಗಿ, ನಮ್ಮ ಬ್ಯಾಂಕಿನ ಖಾತೆಯ ವಿವರಗಳನ್ನು ಸಂಜೆಯೊಳಗೆ ಹೊಸದಾಗಿ ದಾಖಲಿಸದಿದ್ದರೆ ಖಾತೆಯು ನಿಲ್ಲುವುದೆಂದೂ, ಅದಕ್ಕಾಗಿ ಕೆಳಗಿನ ಕೊಂಡಿಯನ್ನು ಒತ್ತಬೇಕೆಂದೂ ಇದ್ದಿತು. ನಾನು ಗಾಬರಿಯಿಂದ ಕನ್ನಡಕವನ್ನು ಹುಡುಕುತ್ತಿದ್ದೆನು. ಮನೆಯಾಕೆಯು ಅಕ್ಕಿಯನ್ನು ಆರಿಸುತ್ತ ಕುಳಿತಿದ್ದವಳು, ತಲೆಯೆತ್ತದೆಯೇ “ಚರ್ಚಿಸಿದ್ದು ಯಾವ ದಿನವಂತೆ? ಯಾರೊಡನೆಯಂತೆ?” ಎಂದು ಕೇಳಿದಳು. ಸಂದೇಶದಲ್ಲಿ ದಿನವೂ ಇರಲಿಲ್ಲ, ಹೆಸರೂ ಇರಲಿಲ್ಲ. “ಹಾಗಾದರೆ ಅವನು ನಮ್ಮ ಕಡೆಯವನಲ್ಲ, ಬಿಡಿ” ಎಂದು ಆಕೆಯು ಅಕ್ಕಿಯ ಕಲ್ಲನ್ನು ಹೊರಗೆಸೆದಳು.

ಆಕೆ ಕೇಳಿದ್ದು ನಾವು ಅತಿಥಿಗಳನ್ನು ಕೇಳುವ ಪ್ರಶ್ನೆಯೇ. ಯಾವ ಊರು, ಯಾರ ಕಡೆ? ನಿಜವಾದ ನಂಟಿಗೆ ವಿವರಗಳು ಇದ್ದೇ ಇರುವುವು; ಸುಳ್ಳು ನಂಟು ಅವಸರಪಡಿಸುವುದು. ಕೆಲವು ಮೋಸಗಾರರು ನಮ್ಮ ಹೆಸರನ್ನೂ, ಖಾತೆಯ ಕೊನೆಯ ನಾಲ್ಕು ಅಂಕಿಗಳನ್ನೂ ಎಲ್ಲಿಂದಲೋ ಸಂಪಾದಿಸಿರುವುದುಂಟು. ಆದುದರಿಂದ ಅವರು ಕೊಟ್ಟ ವಿವರವನ್ನೇ ನಂಬದೆ, ನಮ್ಮಲ್ಲಿರುವ ಕಾಗದಪತ್ರಗಳನ್ನು ನೋಡಿ, ನಮ್ಮ ಪಾಸುಪುಸ್ತಕದಲ್ಲಿ ಅಚ್ಚಾಗಿರುವ ಸಂಖ್ಯೆಗೆ ನಾವೇ ಕರೆ ಮಾಡಿ ವಿಚಾರಿಸಬೇಕು. ಅವರು ಕಳುಹಿಸಿದ ಕೊಂಡಿಯನ್ನು ಒತ್ತುವುದಾಗಲಿ, ಅವರು ಹೇಳಿದ ಸಂಖ್ಯೆಗೆ ಕರೆ ಮಾಡುವುದಾಗಲಿ ಕೂಡದು. ಹಣವು ಹೋಗಿಬಿಟ್ಟಿದ್ದರೆ ನಾಚಿಕೆಯಿಂದ ಮುಚ್ಚಿಡದೆ, ಆ ಗಳಿಗೆಯಲ್ಲಿಯೇ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ತಿಳಿಸತಕ್ಕದ್ದು. ತಡಮಾಡಿದಷ್ಟೂ ಹಣವು ಕೈಯಿಂದ ಕೈಗೆ ದಾಟಿ ದೂರ ಹೋಗುವುದು.

ಕೊನೆಯದಾಗಿ ಒಂದು ಕಾಗದದ ವಿಚಾರವನ್ನು ಹೇಳಿ ಮುಗಿಸುತ್ತೇನೆ. ನನ್ನ ಬಾಲ್ಯಸ್ನೇಹಿತನೊಬ್ಬನು ಉದ್ಯೋಗದ ನಿಮಿತ್ತ ಇಂಗ್ಲೆಂಡಿಗೆ ಹೋಗಿ ಅಲ್ಲಿಯೇ ನೆಲೆಸಿದ್ದನು. ಮೈಸೂರಿನಲ್ಲಿ ಓದುತ್ತಿದ್ದಾಗ ನಾವಿಬ್ಬರೂ ಮೂರು ವರ್ಷ ಒಂದೇ ಕೊಠಡಿಯಲ್ಲಿದ್ದೆವು. ಈಚಿನ ವರ್ಷಗಳಲ್ಲಿ ಕಾಗದಗಳು ಕಡಿಮೆಯಾಗಿದ್ದುವು. ತಪ್ಪು ನನ್ನದೂ ಉಂಟು. ಹೋದ ಚಳಿಗಾಲದಲ್ಲಿ ಅವನು ತೀರಿಹೋದನೆಂದು ಮೂರನೆಯವರಿಂದ ತಿಳಿಯಿತು. ಅವನ ಮಗನಿಗೆ ಬರೆಯಬೇಕೆಂದುಕೊಂಡೆನು. ಆ ಹುಡುಗನಿಗೆ ಕನ್ನಡವು ಅಷ್ಟಿಷ್ಟು ಕಿವಿಗೆ ಬಿದ್ದಿರಬಹುದು, ಓದಲು ಬಾರದು. ನನ್ನನ್ನು ಅವನು ಕಂಡವನೂ ಅಲ್ಲ. ನಾನು ಯಾರೆಂದು ಮೊದಲ ವಾಕ್ಯದಲ್ಲಿ ಇಂಗ್ಲಿಷಿನಲ್ಲಿ ಹೇಳಬೇಕಾಗಿದ್ದಿತು.

‘ಐ ಹ್ಯಾವ್ ನೋನ್ ಯುವರ್ ಫಾದರ್ ಫಾರ್ ಫಿಫ್ಟಿ ಇಯರ್ಸ್’ ಎಂದು ಬರೆದೆನು. ಐವತ್ತು ವರ್ಷಗಳಿಂದ ನಿನ್ನ ತಂದೆಯನ್ನು ಬಲ್ಲೆನು. ಪಕ್ಕದಲ್ಲಿ ನಿಂತಿದ್ದ ಮೊಮ್ಮಗಳು ಓದಿ, “ತಾತಾ, ಹೀಗೆ ಬರೆದರೆ ಅವರು ಇನ್ನೂ ಬದುಕಿರುವರೆಂದು ಅರ್ಥವಾಗುತ್ತದೆ. ‘ಐ ನ್ಯೂ’ ಎಂದು ಬರೆಯಬೇಕು” ಎಂದು ಮೆಲ್ಲನೆ ಹೇಳಿದಳು. ಅವಳ ಮಾತು ಸರಿಯಾಗಿತ್ತು. ಇಂದಿಗೂ ಮುಂದುವರಿಯುತ್ತಿರುವ ನಂಟಿಗೆ ಮಾತ್ರ ಇಂಗ್ಲಿಷಿನವರು ‘ಹ್ಯಾವ್ ನೋನ್’ ಎನ್ನುವರು, ಮುಗಿದುಹೋದುದಕ್ಕೆ ‘ನ್ಯೂ’. ನಮ್ಮ ಕನ್ನಡದ ‘ಬಲ್ಲೆನು’ ಎಂಬ ಕ್ರಿಯಾಪದಕ್ಕೆ ಕಾಲಭೇದವಿಲ್ಲ. ಇದ್ದವರನ್ನೂ ಬಲ್ಲೆವು, ಹೋದವರನ್ನೂ ಬಲ್ಲೆವು. ಕನ್ನಡದಲ್ಲಿ ಬರೆದಿದ್ದರೆ ನಾನು ಆ ದಿನ ಆ ಸಂಗತಿಯನ್ನು ಎದುರಿಸಬೇಕಾಗಿರಲಿಲ್ಲ. ಇಂಗ್ಲಿಷು ನನ್ನ ಕೈ ಹಿಡಿದು, ಅವನು ಹೋದನೆಂದು ನನ್ನಿಂದಲೇ ಬರೆಯಿಸಿತು. ಸ್ವಲ್ಪ ಹೊತ್ತು ಲೇಖನಿಯನ್ನು ಕೆಳಗಿಟ್ಟಿದ್ದೆನು.

ಆಮೇಲೆ ‘ಐ ನ್ಯೂ’ ಎಂದು ತಿದ್ದಿದೆನು. ಅಷ್ಟರಿಂದ ಆ ಹುಡುಗನಿಗೆ ಏನು ತಿಳಿಯಬೇಕು? ಬಲ್ಲೆನೆಂದು ಯಾರು ಬೇಕಾದರೂ ಹೇಳಬಹುದು. ಆದುದರಿಂದ ಕೊಠಡಿಯ ಕಿಟಕಿಯ ಹೊರಗಿದ್ದ ನೇರಿಲೆಯ ಮರವನ್ನೂ, ಅವನ ತಂದೆಯು ಪರೀಕ್ಷೆಯ ಹಿಂದಿನ ರಾತ್ರಿ ಓದುವುದನ್ನು ಬಿಟ್ಟು ನನ್ನ ಜ್ವರಕ್ಕೆ ಒದ್ದೆಬಟ್ಟೆಯ ಪಟ್ಟಿಯನ್ನು ಹಾಕುತ್ತ ಕುಳಿತಿದ್ದುದನ್ನೂ, ಆ ವಿಷಯವನ್ನು ಆಮೇಲೆ ಎಂದೂ ಬಾಯಿಬಿಟ್ಟು ಹೇಳದಿದ್ದುದನ್ನೂ ಬರೆದೆನು. ಕಾಗದವು ಒಂದೂವರೆ ಪುಟವಾಯಿತು.

ಮೂರು ವಾರಗಳ ಮೇಲೆ ಉತ್ತರವು ಬಂದಿತು. ‘ಥ್ಯಾಂಕ್ ಯು ಫಾರ್ ಯುವರ್ ಲೆಟರ್’ ಎಂದು ತೊಡಗಿ ನನ್ನ ಕಾಗದದ ತಾರೀಖನ್ನೂ ಬರೆದಿದ್ದನು. ತಂದೆಯ ಮಗನೇ ಸರಿ. ತಂದೆಯವರು ನೇರಿಲೆಯ ಹಣ್ಣಿನ ಮಾತನ್ನು ಆಗಾಗ ಆಡುತ್ತಿದ್ದರೆಂದೂ, ಅದು ಯಾವ ಮರವೆಂದು ತನಗೆ ಇದುವರೆಗೆ ತಿಳಿದಿರಲಿಲ್ಲವೆಂದೂ ಬರೆದು, ಇನ್ನೂ ಏನಾದರೂ ನೆನಪಿಗೆ ಬಂದರೆ ತಿಳಿಸಬೇಕೆಂದು ಕೇಳಿಕೊಂಡಿರುವನು. ಮುಂದಿನ ಕಾಗದವನ್ನು ‘ಫರ್ದರ್ ಟು ಮೈ ಲೆಟರ್’ ಎಂದು ಆರಂಭಿಸಬೇಕೆಂದಿದ್ದೇನೆ. ಸೇರಿಸತಕ್ಕದ್ದು ಬೇಕಾದಷ್ಟಿದೆ.